ಹುಲಿಯ ಹಣೆಯ ಮೇಲಿನ ಅಕ್ಷರ

ಇಂಗ್ಲೆಂಡಿನ ಒಂದು ಮನೆತನದ ಲಾಂಛನದಲ್ಲಿ ಹುಲಿಯೊಂದಿದೆ. ಅದರ ಮೈ ಹಸಿರು, ಪಟ್ಟೆಗಳು ಚಿನ್ನದ ಬಣ್ಣದವು. ಎದೆಗೆ ಬಾಣ ನಾಟಿದೆ, ಗಾಯದಿಂದ ರಕ್ತ ಒಸರುತ್ತಿದೆ. ಆದರೆ ಹುಲಿ ಬಿದ್ದಿಲ್ಲ. ಕೋಟೆಗೋಡೆಯ ಆಕಾರದ ಕಿರೀಟವೊಂದರ ಮೇಲೆ ಹೆಜ್ಜೆಯಿಡುತ್ತಾ ನಮ್ಮತ್ತ ಮುಖ ತಿರುಗಿಸಿ ನೋಡುತ್ತಿದೆ. ತಲೆಯ ಮೇಲೆ ಪೂರ್ವದೇಶದ ಅರಸರ ಕಿರೀಟ. ಹಣೆಯ ಮೇಲೆ ಒಂದು ಪಾರ್ಸಿ ಅಕ್ಷರ. ಲಾಂಛನದ ಅಧಿಕೃತ ವಿವರಣೆಯಲ್ಲಿ ಅದನ್ನು ಹೈದರನನ್ನು ಸೂಚಿಸುವ ಪಾರ್ಸಿ ಅಕ್ಷರ ಎಂದೇ ಹೇಳಲಾಗಿದೆ.

ಹೈದರ್ ಎಂದರೆ ನಮ್ಮ ಹೈದರಾಲಿಯೇ. ಲಾಂಛನ ಹ್ಯಾರಿಸ್ ಮನೆತನದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಇಂಗ್ಲಿಷ್ ಸೇನೆಯ ಮಹಾದಂಡನಾಯಕನಾಗಿದ್ದವನು ಜನರಲ್ ಜಾರ್ಜ್ ಹ್ಯಾರಿಸ್. ಅವನಿಗೆ 1815ರಲ್ಲಿ ಬ್ರಿಟನ್ನಿನ ದೊರೆ ವಂಶಪಾರಂಪರ್ಯದ ಬಿರುದೊಂದನ್ನು ದಯಪಾಲಿಸಿದ. ಆ ಬಿರುದನ್ನು ಪೂರ್ತಿಯಾಗಿ ಓದಿದರೆ ಹೀಗಿದೆ: ಪೂರ್ವ ಇಂಡಿಯಾದ ಸೆರಿಂಗಪಟಮ್ ಹಾಗೂ ಮೈಸೂರಿನ, ಮತ್ತು ಕೆಂಟ್ ಕೌಂಟಿಯ ಬೆಲ್ಮಾಂಟಿನ, ಬ್ಯಾರನ್ ಹ್ಯಾರಿಸ್. ನಮ್ಮ ಕಾವೇರಿ ನಡುಗಡ್ಡೆಯ ಊರೊಂದು ಹೀಗೆ ಒಂದು ಇಂಗ್ಲಿಷ್ ಕುಟುಂಬದ ಹೆಸರಿನೊಳಗೆ ಹೋಗಿ ಕೂತುಕೊಂಡಿತು.

ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ ಎಂದು ಓದುಗರು ಕೇಳಬಹುದು. ಗೆದ್ದವರು ಗೆದ್ದ ಊರಿನ ಹೆಸರನ್ನು ಮುಡಿದುಕೊಳ್ಳುವುದು ಬ್ರಿಟಿಷರ ಹಳೆಯ ರೂಢಿ. ಪ್ಲಾಸಿಯ ಕ್ಲೈವ್, ದೆಹಲಿ ಮತ್ತು ಲಸ್ವಾರಿಯ ಲೇಕ್, ಮಗ್ದಾಲದ ನೇಪಿಯರ್, ಖಾರ್ತೂಮಿನ ಕಿಚನರ್, ಕೊನೆಗೆ 1946ರಲ್ಲಿ ಅಲಮೇನಿನ ಮಾಂಟ್ಗೊಮರಿ. ಈ ಬಿರುದಿನಿಂದ ಆ ಊರಿನ ಒಂದು ಗೇಣು ಮಣ್ಣೂ ಅವರ ಪಾಲಿಗೆ ಬರುವುದಿಲ್ಲ. ಬರುವುದು ಹೆಸರು ಮಾತ್ರ. ಆದರೆ ಆ ಹೆಸರು ಗೆದ್ದವನ ಜತೆಗೆ ಗೋರಿ ಸೇರುವುದಿಲ್ಲ, ಮಗನಿಗೆ ಹೋಗುತ್ತದೆ, ಮೊಮ್ಮಗನಿಗೆ ಹೋಗುತ್ತದೆ. ನಮ್ಮ ಮನಸ್ಸನ್ನು ಕೆಣಕಿದ್ದು ಈ ಸಂಗತಿ. ಒಂದು ಗೆಲುವನ್ನು ಮನೆ, ಹೊಲ, ಗಡಿಯಾರಗಳನ್ನು ಬಿಟ್ಟುಹೋಗುವ ಹಾಗೆ ಮಕ್ಕಳಿಗೆ ಬಿಟ್ಟುಹೋಗಬಹುದೆ? ಬಿಟ್ಟುಹೋಗಬಹುದಾದರೆ, ಆ ಗೆಲುವಿಗೆ ಅಂಟಿಕೊಂಡ ರಕ್ತವೂ ಲೂಟಿಯೂ ಅದರ ಜತೆಗೇ ಇಳಿದುಬರುವುದಿಲ್ಲವೆ?

ಪ್ರಶ್ನೆಗೆ ಹೋಗುವ ಮುನ್ನ ಲಾಂಛನವನ್ನು ಇನ್ನಷ್ಟು ಹತ್ತಿರದಿಂದ ನೋಡುವುದು ಒಳ್ಳೆಯದು. ನಾವು ಕತೆ ಬರೆಯುವವರು. ಕತೆ ಎಲ್ಲಿದ್ದರೂ ನಮಗೆ ವಾಸನೆ ಹತ್ತುತ್ತದೆ. ಇಂಗ್ಲೆಂಡಿನಲ್ಲಿ ಲಾಂಛನಗಳ ಉಸ್ತುವಾರಿಗೆಂದೇ 1484ರಿಂದ ಒಂದು ಸಂಸ್ಥೆಯಿದೆ, ಕಾಲೇಜ್ ಆಫ್ ಆರ್ಮ್ಸ್. ಅದರ ಅಧಿಕಾರಿಗಳು ಲಾಂಛನವನ್ನು ಚಿತ್ರದಲ್ಲಿ ಬರೆಯುವುದಕ್ಕಿಂತ ಮೊದಲು ಮಾತಿನಲ್ಲಿ ಬರೆಯುತ್ತಾರೆ. ಆ ಮಾತು ಹಳೆಯ ಫ್ರೆಂಚ್ ಬೆರೆತ ವಿಚಿತ್ರ ಭಾಷೆ: ಹಸಿರಿಗೆ ‘ವರ್ಟ್’, ಚಿನ್ನಕ್ಕೆ ‘ಆರ್’, ಕಪ್ಪಿಗೆ ‘ಸೇಬಲ್’. ಬಣ್ಣಗಳು ಬೆರಳೆಣಿಕೆಯಷ್ಟೇ. ಯಾವ ಕಾಡಿನಲ್ಲೂ ಇಲ್ಲದ ಹಸಿರು ಹುಲಿ ಹುಟ್ಟಿದ್ದು ಈ ಭಾಷೆಯಲ್ಲೇ.

ಹ್ಯಾರಿಸನ ಗುರಾಣಿಯ ಬಣ್ಣವೂ ಹಸಿರೇ. ಅದರ ಮೇಲೆ ಮೂರು ಚಿನ್ನದ ಹೆಜ್‌ಹಾಗ್‌ಗಳು, ಅಂದರೆ ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿಗಳು. ಫ್ರೆಂಚಿನಲ್ಲಿ ಅದಕ್ಕೆ ‘ಎರಿಸೋನ್’ ಎನ್ನುತ್ತಾರೆ. ಹ್ಯಾರಿಸ್ ಎಂಬ ಹೆಸರಿಗೂ ಅದಕ್ಕೂ ಇರುವ ಸಾಮ್ಯದ ಮೇಲೆ ಕಟ್ಟಿದ ಶ್ಲೇಷೆ ಅದು. ಉರ್ದು ಶಾಯರರು ತಮ್ಮ ತಖಲ್ಲುಸ್ಸಿನ ಮೇಲೆ ಆಟವಾಡುತ್ತಾರಲ್ಲ, ಹಾಗೆ. ಅವುಗಳ ನಡುವೆ ಕೋಟೆಗೋಡೆಯಂತೆ ಹಲ್ಲುಹಲ್ಲಾದ ಪಟ್ಟಿ, ಪಟ್ಟಿಯ ಮೇಲೆ ಹೊತ್ತಿಕೊಂಡ ಮೂರು ಬಾಂಬುಗಳು. ಇಲ್ಲಿಯವರೆಗೂ ಸರಿ. ಗುರಾಣಿಯ ತಲೆಭಾಗದಲ್ಲಿ ಶ್ರೀರಂಗಪಟ್ಟಣದ ಕೋಟೆ ಮತ್ತು ಹೆಬ್ಬಾಗಿಲು ಇದೆ. ತೂಗುಸೇತುವೆಯನ್ನು ಕೆಳಕ್ಕೆ ಇಳಿಸಲಾಗಿದೆ. ಟಿಪ್ಪುವಿನ ಬಾವುಟದ ಮೇಲೆ ಬ್ರಿಟನ್ನಿನ ಬಾವುಟ ಹಾರುತ್ತಿದೆ. ಇದು ದೊರೆಯ ಕಡೆಯಿಂದ ವಿಶೇಷ ಗೌರವವಾಗಿ ಸೇರಿದ ಭಾಗ.

ಗುರಾಣಿಯ ಎಡಬಲಕ್ಕೆ ನಿಂತು ಅದನ್ನು ಹಿಡಿದುಕೊಂಡವರು ಇಬ್ಬರು. ಒಬ್ಬ 73ನೇ ರೆಜಿಮೆಂಟಿನ ಗ್ರೆನೇಡಿಯರ್ ಸೈನಿಕ, ಇನ್ನೊಬ್ಬ ಮಲಯ ಸಿಪಾಯಿ. ಇಬ್ಬರ ಕೈಯಲ್ಲೂ ಬಾವುಟದ ಕೋಲು. ಒಂದರ ತುದಿಯಲ್ಲಿ ಬ್ರಿಟನ್ನಿನ ಬಾವುಟ, ಇನ್ನೊಂದರ ತುದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ. ಎರಡರ ಕೆಳಗೂ ಟಿಪ್ಪುವಿನ ಬಾವುಟ, ಅದಕ್ಕೆ ಸುತ್ತಿಕೊಂಡ ಫ್ರಾನ್ಸಿನ ಮೂರು ಬಣ್ಣದ ಬಾವುಟ, ಅದರ ಮೇಲೆ ‘ರಿಪಬ್ಲಿಕ್’ ಎಂಬ ಬರಹ. ಕೆಳಗೆ ಮನೆತನದ ಧ್ಯೇಯವಾಕ್ಯ: ನನ್ನ ದೊರೆ ಮತ್ತು ನನ್ನ ದೇಶ.

ಇದನ್ನು ಇತಿಹಾಸ ಗೊತ್ತಿಲ್ಲದವರು ನೋಡಿದರೆ ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರು ಫ್ರಾನ್ಸಿನ ದೊಡ್ಡ ಸೈನ್ಯವನ್ನೇ ಸೋಲಿಸಿದರು ಎಂದುಕೊಳ್ಳಬೇಕು. ಕೋಟೆಯೊಳಗೆ ಇದ್ದ ಫ್ರೆಂಚರು ಚಿಕ್ಕದೊಂದು ಗುಂಪು. ಇಂಗ್ಲಿಷರ ಜತೆ ನಿಂತು ಕೋಟೆಗೆ ಮುತ್ತಿಗೆ ಹಾಕಿದ್ದವರಲ್ಲಿ ಹೈದರಾಬಾದಿನ ನಿಜಾಮನ ದೊಡ್ಡ ಸೈನ್ಯವಿತ್ತು. ಆ ನಿಜಾಮನಿಗೆ ಲಾಂಛನದಲ್ಲಿ ಮೂಲೆಯಲ್ಲೂ ಜಾಗವಿಲ್ಲ. ಸೋತ ಶತ್ರುವಿಗೆ ಕಿರೀಟ ಸಿಕ್ಕಿತು, ಗೆಲ್ಲಿಸಿಕೊಟ್ಟ ಮಿತ್ರನಿಗೆ ಏನೂ ಇಲ್ಲ! ಕೋಟೆಯ ಬಿರುಕಿನೊಳಗೆ ಮೊದಲು ದಂಡು ನುಗ್ಗಿಸಿದವನು ಜನರಲ್ ಡೇವಿಡ್ ಬೇರ್ಡ್. ಹಿಂದೊಮ್ಮೆ ಅದೇ ಊರಿನಲ್ಲಿ ಮೂರೂವರೆ ವರ್ಷ ಸೆರೆಯಲ್ಲಿದ್ದವನು. ಅವನಿಗೆ ಹತ್ತು ವರ್ಷಗಳ ಮೇಲೆ ಬ್ಯಾರನೆಟ್ ಎಂಬ ಕೆಳಗಿನ ದರ್ಜೆಯ ಬಿರುದು ಬಂತು, ಅಷ್ಟೆ. ಲಾಂಛನ ಬರೆಯುವವರೂ ನಮ್ಮ ಹಾಗೆಯೇ. ಯಾರನ್ನು ಇಡಬೇಕು, ಯಾರನ್ನು ಬಿಡಬೇಕು ಎಂದು ಕತೆಗಾರನ ಲೆಕ್ಕ ಹಾಕುತ್ತಾರೆ.

ಆದರೆ ಶತ್ರುವಿಗೆ ಕಿರೀಟ ಯಾಕೆ? ಬೆಕ್ಕನ್ನು ಕೊಂದವನಿಗೆ ಬಿರುದು ಸಿಗುವುದಿಲ್ಲ ಎಂಬುದೇ ಉತ್ತರವಿರಬೇಕು. ಹ್ಯಾರಿಸ್ ದೊಡ್ಡವನಾಗಬೇಕಾದರೆ ಟಿಪ್ಪು ದೊಡ್ಡವನಾಗಿಯೇ ಉಳಿಯಬೇಕು. ಹುಲಿ ಸಾಯಲೂಬಾರದು, ಬಾಣ ಕಳಚಲೂಬಾರದು.

ಇನ್ನು ಆ ಅಕ್ಷರದ ಕತೆ. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತವರಿಗೆ ಹೈದರ್ ಎಂಬ ಹೆಸರು ‘ಬಡೀ ಹೇ’ಯಿಂದ ಶುರುವಾಗುತ್ತದೆ ಎಂಬುದು ಗೊತ್ತು. ಹೈದರಾಲಿ ತನ್ನ ನಾಣ್ಯಗಳ ಮೇಲೆ ಈ ಒಂದು ಅಕ್ಷರವನ್ನು ಒತ್ತಿಸಿದ. ಓದುಬರಹ ಬಾರದ ಸಿಪಾಯಿಯಾಗಿ ಶುರುಮಾಡಿ ರಾಜ್ಯ ಕಟ್ಟಿದ ಮನುಷ್ಯನ ಗುರುತು ಅದು. 1782ರಲ್ಲಿ ಅವನು ತೀರಿಕೊಂಡ ಮೇಲೆ ಟಿಪ್ಪು ತನ್ನ ನಾಣ್ಯಗಳ ಮೇಲೆಯೂ ತಂದೆಯ ಅಕ್ಷರವನ್ನು ಉಳಿಸಿಕೊಂಡ. ಮಗನೊಬ್ಬ ತಂದೆಗೆ ಸಲ್ಲಿಸಿದ ಗೌರವ. ಇದಕ್ಕಿಂತ ಸರಳವಾದ ವಿರಾಸತ್ ಬೇರೆ ಇರಲಿಕ್ಕಿಲ್ಲ.

ಹೈದರ್ ಎಂಬ ಶಬ್ದಕ್ಕೆ ಸಿಂಹ ಎಂದು ಅರ್ಥ. ಅದು ಹಜರತ್ ಅಲಿಯವರ ಬಿರುದುಗಳಲ್ಲಿ ಒಂದು. ‘ಅಸದುಲ್ಲಾ’ ಎಂಬುದೂ ಅವರದೇ ಬಿರುದು, ಅಲ್ಲಾಹನ ಸಿಂಹ. ಟಿಪ್ಪುವಿನ ಆಯುಧಗಳ ಮೇಲೆ ‘ಅಸದುಲ್ಲಾಹಿಲ್ ಗಾಲಿಬ್’ ಎಂಬ ಮಾತನ್ನು ಹುಲಿಯ ಮುಖದ ಆಕಾರದಲ್ಲಿ ಕೆತ್ತಿರುವುದನ್ನು ಈಗಲೂ ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು. ಅಲ್ಲಾಹನ ಸಿಂಹವೇ ಜಯಶಾಲಿ ಎಂದು ಅದರ ಅರ್ಥ. ಯುದ್ಧ ಮುಗಿದ ಮೇಲೆ ಕಂಪನಿ ತನ್ನ ಸೈನಿಕರಿಗೆ ಹಂಚಲು ಒಂದು ಪದಕ ಮಾಡಿಸಿತು. ಅದರಲ್ಲಿ ಬ್ರಿಟಿಷ್ ಸಿಂಹ ಮೈಸೂರಿನ ಹುಲಿಯನ್ನು ಕೆಡವಿಕೊಂಡಿದೆ. ಮೇಲಿನ ಬಾವುಟದಲ್ಲಿ ಅರಬಿ ಲಿಪಿಯಲ್ಲಿ ಅದೇ ಮಾತು: ಅಸದುಲ್ಲಾಹಿಲ್ ಗಾಲಿಬ್. ಕದ್ದ ಪದ್ಯಕ್ಕೆ ತನ್ನ ಅಂಕಿತ ಹಾಕಿಕೊಂಡ ಹಾಗೆ! ಸಿಂಹಾಸನವನ್ನು ಒಡೆದು ಹಂಚಿಕೊಂಡರು, ಪುಸ್ತಕಗಳನ್ನು ಗಾಡಿಗೆ ಹೇರಿದರು. ಅದೆಲ್ಲ ಲೂಟಿಯ ಪಟ್ಟಿಯಲ್ಲಿದೆ. ಅಕ್ಷರ ಯಾವ ಪಟ್ಟಿಯಲ್ಲೂ ಇಲ್ಲ. ತಂದೆಯಿಂದ ಮಗನಿಗೆ ಬಂದಿದ್ದ ಅಕ್ಷರ ಅಲ್ಲಿಂದ ಜಿಗಿದು ಕೆಂಟ್ ಪ್ರಾಂತದ ಪಾದ್ರಿಯೊಬ್ಬನ ಮಗನ ಹೆಸರಿಗೆ ಖಾತೆಯಾಯಿತು.

ಹೌದು, ಪಾದ್ರಿಯ ಮಗ. ಮೊದಲನೆಯ ಲಾರ್ಡ್ ಹ್ಯಾರಿಸ್ ಹುಟ್ಟುತ್ತಲೇ ಲಾರ್ಡ್ ಆಗಿರಲಿಲ್ಲ. ಬ್ರಾಸ್ಟೆಡ್ ಎಂಬ ಊರಿನ ಸಾಮಾನ್ಯ ಸಹಾಯಕ ಪಾದ್ರಿಯೊಬ್ಬರ ಮಗನಾಗಿ 1746ರಲ್ಲಿ ಹುಟ್ಟಿದವನು. ಅಮೆರಿಕದ ಬಂಕರ್ ಹಿಲ್ ಕದನದಲ್ಲಿ ತಲೆಗೆ ಏಟು ಬಿದ್ದು, ಬುರುಡೆ ಕೊರೆಸಿಕೊಂಡು ಬದುಕಿದವನು. ಹೈದರಾಲಿಯೂ ಯಾವ ರಾಜಮನೆತನದಲ್ಲಿ ಹುಟ್ಟಿದವನು? ಅವನನ್ನು ನಾಯಕನ ಮಗ, ಸಿಪಾಯಿ ಎಂದು ಜರೆದವರೇ ಸುತ್ತ ಇದ್ದರು. ಮಾನ್ಯತೆಯ ಪತ್ರಕ್ಕಾಗಿ ಟಿಪ್ಪು ತುರ್ಕಿಯ ಸುಲ್ತಾನನವರೆಗೆ ರಾಯಭಾರಿಗಳನ್ನು ಕಳಿಸಬೇಕಾಯಿತು. ಎರಡೂ ಕಡೆ ಮನೆತನ ಕಟ್ಟಿದವರಿಗೆ ಮನೆತನವಿರಲಿಲ್ಲ. ಆಮೇಲೆ ಬಂದವರಿಗೆ ಅದಿತ್ತು, ಕಟ್ಟುವ ಕೆಲಸವಿರಲಿಲ್ಲ.

ಈ ಮಾತು ಅರ್ಥವಾಗಬೇಕಾದರೆ ಬಿರುದು ಇಳಿಯುವ ಕಾನೂನನ್ನು ನೋಡಬೇಕು. ಇಂಥ ಬಿರುದಿನ ಸನದು ಸಾಮಾನ್ಯವಾಗಿ ಹೇಳುವುದು ಇಷ್ಟೇ: ಅವನಿಗೆ, ಮತ್ತು ಅವನ ದೇಹದಿಂದ ಧರ್ಮಬದ್ಧವಾಗಿ ಹುಟ್ಟಿದ ಗಂಡು ವಾರಸುದಾರರಿಗೆ. ಯೋಗ್ಯತೆ ಕೇಳುವುದಿಲ್ಲ, ಬುದ್ಧಿ ಕೇಳುವುದಿಲ್ಲ. ಹೆಣ್ಣುಮಕ್ಕಳು ಹತ್ತಿದ್ದರೂ ಲೆಕ್ಕಕ್ಕಿಲ್ಲ. ಕಿರಿಯ ಮಗನಿಗೂ ಇಲ್ಲ, ಹಿರಿಯನ ಸಂತಾನ ಮುಗಿಯುವವರೆಗೆ ಅವನ ವಂಶ ಸರದಿಯಲ್ಲಿ ಕಾಯಬೇಕು. ‘ಧರ್ಮಬದ್ಧವಾಗಿ’ ಎಂಬ ಒಂದು ಪದಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಅದೇ ಯುದ್ಧದ ಇನ್ನೊಂದು ಬಿರುದು ಸಾಕ್ಷಿ. ಯುದ್ಧ ಹೂಡಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ 1799ರಲ್ಲೇ ಮಾರ್ಕ್ವೆಸ್ ಪದವಿ ಬಂತು, ಆದರೆ ಐರ್ಲೆಂಡಿನದು. ಅವನು ಸಿಟ್ಟಿನಿಂದ ಅದನ್ನು ಚಿನ್ನದ ನೀರು ಹಾಕಿದ ಆಲೂಗಡ್ಡೆ ಎಂಬರ್ಥದಲ್ಲಿ ಹೀಗಳೆದ. ಹಯಸಿಂತ್ ರೋಲಾನ್ ಎಂಬ ಫ್ರೆಂಚ್ ಹೆಂಗಸಿನಿಂದ ಅವನಿಗೆ ಮಕ್ಕಳಿದ್ದರು. ಆದರೆ ಆ ಮಕ್ಕಳು ಹುಟ್ಟಿದ್ದು ಮದುವೆಗೆ ಮುಂಚೆ. ಆದ್ದರಿಂದ 1842ರಲ್ಲಿ ಅವನು ಸತ್ತಾಗ ಆಲೂಗಡ್ಡೆಯೂ ಅವನ ಜತೆ ಮಣ್ಣಾಯಿತು. ಹ್ಯಾರಿಸನಿಗೂ ಮೊದಲು ಐರಿಷ್ ಬಿರುದು ಕೊಡುತ್ತೇವೆಂದರು. ಅವನು ಒಲ್ಲೆನೆಂದು ಹದಿನಾರು ವರ್ಷ ಕಾದ. ಅವನ ಬಿರುದು ಉಳಿಯಿತು.

ಎರಡನೆಯ ಲಾರ್ಡ್ ಹ್ಯಾರಿಸ್ ಯುವಕನಾಗಿದ್ದಾಗ ತಂದೆಯ ಸೈನ್ಯದಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನೇ. ಅವನಿಗೆ ಆ ಹುಲಿಯ ಮೇಲೆ ಒಂದಿಷ್ಟು ಸ್ವಂತ ಹಕ್ಕಿತ್ತು ಎನ್ನೋಣ. ಮೂರನೆಯವನು 1810ರಲ್ಲಿ ಹುಟ್ಟಿದವನು. ಟ್ರಿನಿಡಾಡಿನ ಗವರ್ನರನಾಗಿ, ಆಮೇಲೆ 1854ರಿಂದ 1859ರವರೆಗೆ ಮದ್ರಾಸಿನ ಗವರ್ನರನಾಗಿದ್ದ. ಆಗ ಮಂಗಳೂರು, ಉಡುಪಿ, ಕಾರವಾರ, ಬಳ್ಳಾರಿಗಳೆಲ್ಲ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. ನಾಲ್ಕನೆಯವನು 1890ರಿಂದ 1895ರವರೆಗೆ ಮುಂಬಯಿಯ ಗವರ್ನರ್. ಆಗ ಧಾರವಾಡ, ಬೆಳಗಾವಿ, ಬಿಜಾಪುರಗಳು ಅವನ ಆಡಳಿತದಲ್ಲಿದ್ದವು. ಅಷ್ಟರಲ್ಲಿ ಕಾರವಾರವೂ ಮದ್ರಾಸಿನಿಂದ ಮುಂಬಯಿಗೆ ಬಂದಿತ್ತು. ಶ್ರೀರಂಗಪಟ್ಟಣ ಗೆದ್ದವನ ಮೊಮ್ಮಗನೂ ಮರಿಮಗನೂ ಹೀಗೆ ಕನ್ನಡನಾಡಿನ ಎರಡು ಮಗ್ಗುಲುಗಳನ್ನು ಆಳಿ ಹೋದರು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಂಗತಿ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಮೊಮ್ಮಗ ಕೆಟ್ಟ ಆಡಳಿತಗಾರನಾಗಿರಲಿಲ್ಲ. ಟ್ರಿನಿಡಾಡಿನಲ್ಲಿ ಶಾಲೆಗಳ ವ್ಯವಸ್ಥೆ ಮಾಡಿದ. ದಕ್ಷಿಣ ಭಾರತದ ಮೊದಲ ರೈಲು 1856ರಲ್ಲಿ ರಾಯಪುರಂನಿಂದ ಹೊರಟದ್ದು ಅವನ ಕಾಲದಲ್ಲಿ. ಮರಿಮಗನ ಹೆಸರು ಕ್ರಿಕೆಟ್ ಪ್ರಿಯರಿಗೆ ಗೊತ್ತಿರುತ್ತದೆ. 1880ರಲ್ಲಿ ಇಂಗ್ಲೆಂಡಿನ ನೆಲದಲ್ಲಿ ಆಡಿದ ಮೊದಲ ಟೆಸ್ಟಿಗೆ ಅವನೇ ಕ್ಯಾಪ್ಟನ್. 1893ರಲ್ಲಿ ಮುಂಬಯಿಯಲ್ಲಿ ಹಿಂದೂ ಮುಸ್ಲಿಂ ಗಲಭೆಯಾಗಿ ಜನ ಸಾಯುತ್ತಿದ್ದಾಗ ಗವರ್ನರ್ ಸಾಹೇಬರು ಪುಣೆ ಬಿಟ್ಟು ಬರಲು ತಡಮಾಡಿದರು, ಅವರಿಗೆ ಕ್ರಿಕೆಟಿನ ಚಿಂತೆ ಎಂಬ ಟೀಕೆ ಆಗಲೇ ಬಂದಿತ್ತು. ಮುಂಬಯಿ ಶಾಲೆಗಳ ನಡುವಿನ ‘ಹ್ಯಾರಿಸ್ ಶೀಲ್ಡ್’ ಅವನ ಹೆಸರಿನದು. 1988ರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಎಂಬ ಇಬ್ಬರು ಹುಡುಗರು 664 ರನ್ನುಗಳ ಜತೆಯಾಟ ಆಡಿದ್ದು ಅದೇ ಶೀಲ್ಡಿನ ಪಂದ್ಯದಲ್ಲಿ. ಬೇಕಾದವರು ಇದನ್ನೂ ಶ್ರೀರಂಗಪಟ್ಟಣದ ಯುದ್ಧದ ಫಲಗಳಲ್ಲಿ ಸೇರಿಸಿಕೊಳ್ಳಬಹುದು!

ಐದನೆಯ ಲಾರ್ಡ್ ಹ್ಯಾರಿಸ್ ಗಡಿಯಾರಗಳನ್ನು ಕೂಡಿಹಾಕಿದ. ಆರನೆಯವನು ಮಕ್ಕಳಿಲ್ಲದೆ 1995ರಲ್ಲಿ ತೀರಿಕೊಂಡ. ಬಿರುದು ದೂರದ ದಾಯಾದಿಯೊಬ್ಬರಿಗೆ ಹೋಯಿತು. ಮರುವರ್ಷ ಅವರೂ ತೀರಿಕೊಂಡು ಅವರ ಮಗ ಎಂಟನೆಯ ಬ್ಯಾರನ್ ಆದರು. 1999ರಲ್ಲಿ, ಕೋಟೆ ಬಿದ್ದು ಸರಿಯಾಗಿ ಇನ್ನೂರು ವರ್ಷಕ್ಕೆ, ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆ ಮಾಡಿ ಹುಟ್ಟಿನ ಹಕ್ಕಿನಿಂದ ಮೇಲ್ಮನೆಯಲ್ಲಿ ಕೂರುತ್ತಿದ್ದವರನ್ನು, ತೊಂಬತ್ತೆರಡು ಮಂದಿಯ ಹೊರತು, ಮನೆಗೆ ಕಳಿಸಿತು. ಹೊರಹೋದವರಿಗೆ ಕುರ್ಚಿ ಹೋಯಿತು, ಬಿರುದು ಉಳಿಯಿತು. 2013ರಲ್ಲಿ ಸಿಂಹಾಸನದ ಕಾನೂನು ತಿದ್ದಿ ಹಿರಿಯ ಮಗಳಿಗೂ ಸಮಾನ ಹಕ್ಕು ಕೊಟ್ಟರು. ಲಾರ್ಡುಗಳ ಬಿರುದಿಗೆ ಆ ತಿದ್ದುಪಡಿ ಅನ್ವಯಿಸಲಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಆ ಎಂಟನೆಯವರು 1942ರಲ್ಲಿ ಹುಟ್ಟಿದವರು. ಶ್ರೀರಂಗಪಟ್ಟಣದ ಬೀದಿಗಳಲ್ಲಿ ಮೇ 4ರ ರಾತ್ರಿ ನಡೆದ ಲೂಟಿಗೆ, ಹೆಂಗಸರು ಮಕ್ಕಳ ಕೂಗಿಗೆ ಅವರನ್ನು ಹೊಣೆ ಮಾಡಬಹುದೆ? ಖಂಡಿತ ಆಗದು. ಇದರಲ್ಲಿ ನಮಗೆ ಅನುಮಾನವೇ ಇಲ್ಲ. ಅಜ್ಜನ ಗುನ್ಹೆ ಮೊಮ್ಮಗನ ಖಾತೆಗೆ ಬರೆಯುವುದು ನಮ್ಮ ನಂಬಿಕೆಯ ಪ್ರಕಾರ ಪರಲೋಕದ ಲೆಕ್ಕದಲ್ಲೂ ಇಲ್ಲ, ನಾಗರಿಕ ದೇಶಗಳ ಕೋರ್ಟುಗಳಲ್ಲೂ ಇಲ್ಲ. ಆದರೆ ಹಾಗೆ ಹೇಳಿದ ಬಾಯಲ್ಲೇ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ಗುನ್ಹೆ ಇಳಿಯದಿದ್ದರೆ ಗೌರವ ಹೇಗೆ ಇಳಿಯಿತು? ಬಾಣ ಬಿಟ್ಟವನು ಸತ್ತು ಎರಡು ಶತಮಾನವಾಗುತ್ತ ಬಂದರೂ ಬಾಣ ಬಿಟ್ಟ ಕೀರ್ತಿ ಮಾತ್ರ ರಕ್ತದ ಮೂಲಕ ಹರಿದು ಬರುತ್ತದೆ, ಬಾಣದಿಂದ ಸುರಿದ ರಕ್ತ ಬರುವುದಿಲ್ಲ ಎಂದರೆ ಅದು ಯಾವ ನ್ಯಾಯ?

ಇಲ್ಲಿ ನಮಗೆ ನೆನಪಾಗುವುದು ನಮ್ಮ ಮನೆಗಳಲ್ಲಿ ಯಾರಾದರೂ ತೀರಿಕೊಂಡಾಗ ಹಿರಿಯರು ಕೇಳುವ ಮೊದಲ ಪ್ರಶ್ನೆ. ಮಯ್ಯತ್ತಿನ ಮುಂದೆ ನಿಂತು ಕೇಳುತ್ತಾರೆ: ತೀರಿಹೋದವರಿಂದ ಯಾರಿಗಾದರೂ ಸಾಲ ಬರಬೇಕಿತ್ತೇ? ಇದ್ದರೆ ವಾರಸುದಾರರ ಹತ್ತಿರ ಹೇಳಿ. ಫಿಕ್ಹ್ ಪ್ರಕಾರ ತೀರಿಕೊಂಡವರ ಆಸ್ತಿಯಿಂದ ಮೊದಲು ಕಫನು ದಫನಿನ ಖರ್ಚು ತೆಗೆಯಬೇಕು. ಆಮೇಲೆ ಸಾಲ ತೀರಿಸಬೇಕು. ಆಮೇಲೆ ಮೂರನೆಯ ಒಂದು ಭಾಗದ ಮಿತಿಯೊಳಗೆ ಉಯಿಲು. ಉಳಿದದ್ದು ಮಾತ್ರ ಮಕ್ಕಳ ಪಾಲು, ಅದರಲ್ಲಿ ಹೆಣ್ಣುಮಕ್ಕಳಿಗೂ ಪಾಲು. ತಂದೆಯ ಪಾಪಕ್ಕೆ ಮಗ ಹೊಣೆಯಲ್ಲ. ತಂದೆ ಏನೂ ಬಿಟ್ಟು ಹೋಗದಿದ್ದರೆ ಸಾಲಕ್ಕೂ ಮಗನ ಮೇಲೆ ಕಾನೂನಿನ ಹೊಣೆಯಿಲ್ಲ. ಆದರೆ ಆಸ್ತಿಯನ್ನು ಮುಟ್ಟಿದನೋ, ಆಸ್ತಿಯ ಮೇಲಿನ ಸಾಲ ಮೊದಲು, ಅವನ ಪಾಲು ಆಮೇಲೆ. ಪಾಪ ಮನುಷ್ಯನಿಗೆ ಅಂಟಿಕೊಂಡದ್ದು, ಸಾಲ ಸೊತ್ತಿಗೆ ಅಂಟಿಕೊಂಡದ್ದು. ಈ ವ್ಯತ್ಯಾಸ ಬಹಳ ಕೆಲಸಕ್ಕೆ ಬರುವಂಥದ್ದು ಎಂದು ನಮಗೆ ತೋರುತ್ತದೆ.

ಹ್ಯಾರಿಸನ ಸೊತ್ತು ಎಲ್ಲಿಂದ ಬಂತು ಎಂಬುದರಲ್ಲಿ ಗುಟ್ಟೇನಿಲ್ಲ. ಶ್ರೀರಂಗಪಟ್ಟಣದ ಖಜಾನೆಯನ್ನು ಸೈನ್ಯ ದರ್ಜೆಗೆ ತಕ್ಕಂತೆ ಹಂಚಿಕೊಂಡಿತು. ಎಂಟನೆಯ ಒಂದು ಭಾಗ ಒಬ್ಬನೇ ದಂಡನಾಯಕನಿಗೆ, ಅಂದರೆ ಒಂದು ಲಕ್ಷ ಪೌಂಡಿಗೂ ಮಿಗಿಲಾದ ಹಣ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಸಿಕ್ಕಿದ್ದು ನಾಲ್ಕು ಸಾವಿರ ಪೌಂಡಿನಷ್ಟು. ಗೋಡೆ ಹತ್ತಿದ ಸಿಪಾಯಿಗಳಿಗೆ ಕೆಲವೇ ಪೌಂಡು. ದಂಡನಾಯಕನ ಪಾಲು ಹೆಚ್ಚಾಯಿತೆಂದು ಕಂಪನಿಯೇ ತಕರಾರು ತೆಗೆಯಿತು. ವ್ಯಾಜ್ಯ ಪ್ರಿವಿ ಕೌನ್ಸಿಲಿನವರೆಗೆ ಹೋಗಿ ಹ್ಯಾರಿಸನ ಕಡೆಗೆ ತೀರ್ಪಾಯಿತು. ಗಮನಿಸಿ, ಆ ವ್ಯಾಜ್ಯ ಕಳ್ಳಮಾಲನ್ನು ಹಂಚಿಕೊಂಡವರ ನಡುವಿನದು. ಮಾಲಿನ ಒಡೆಯರು ಅದರಲ್ಲಿ ಕಕ್ಷಿದಾರರೇ ಆಗಿರಲಿಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿ ಮಾತ್ರ ತನಗೆ ಕೊಡಬಂದ ಒಂದು ಲಕ್ಷ ಪೌಂಡನ್ನು ಬೇಡವೆಂದ. ಹ್ಯಾರಿಸ್ 1801ರಲ್ಲಿ ಕೆಂಟಿನ ಫ್ಯಾವರ್ಷಮ್ ಊರಿನ ಬಳಿ ಬೆಲ್ಮಾಂಟ್ ಎಂಬ ಬಂಗಲೆ ಮತ್ತು ಜಮೀನು ಕೊಂಡ. ಬಿರುದಿನಲ್ಲಿ ಸೆರಿಂಗಪಟಮ್ ಮತ್ತು ಬೆಲ್ಮಾಂಟ್ ಅಕ್ಕಪಕ್ಕದಲ್ಲಿ ಕೂತಿರುವುದು ಸುಮ್ಮನಲ್ಲ. ಒಂದು ಹಣ ಬಂದ ಊರು, ಇನ್ನೊಂದು ಹಣ ಹೂಡಿದ ಊರು.

ಹಾಗಾದರೆ ನಮ್ಮ ಉತ್ತರ ಇದು. ಎಂಟನೆಯವರು ಅಪರಾಧಿಯಲ್ಲ. ಆದರೆ ಲಾಂಛನ ಮುಗ್ಧವಲ್ಲ. ಆ ಹಸಿರು ಹುಲಿಯನ್ನು ತನ್ನದೆಂದು ಬೆಳ್ಳಿಯ ತಟ್ಟೆಯ ಮೇಲೆ ಕೆತ್ತಿಸುವ ಯಾರೇ ಆಗಲಿ, ಆ ಹುಲಿಯ ಮೇಲಿರುವ ಸಾಲವನ್ನು ಕೇಳಿಸಿಕೊಳ್ಳುವ ಬಾಧ್ಯತೆ ಹೊರುತ್ತಾರೆ. ತೀರಿಸುವುದು ಹೇಗೆ ಎಂಬುದು ಬೇರೆ ಮಾತು. ಕೇಳಿಸಿಕೊಳ್ಳಬೇಕು, ‘ಅದೆಲ್ಲ ಹಳೆಯ ಕಾಲದ ಸಂಗತಿ’ ಎಂದು ಬಾಗಿಲು ಹಾಕಬಾರದು. ಹಳೆಯ ಕಾಲದ್ದೆಂದು ಬಿರುದನ್ನೇನೂ ಬಿಟ್ಟಿಲ್ಲವಲ್ಲ! ಶ್ರೀರಂಗಪಟ್ಟಣ 1881ರಲ್ಲೇ ಮೈಸೂರು ಸಂಸ್ಥಾನಕ್ಕೆ ಮರಳಿತು. ಬಿರುದಿನಿಂದ ಮಾತ್ರ ಆ ಊರು ಬಿಡುಗಡೆಯಾಗಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿಬಿಟ್ಟರೆ ಓದುಗರಿಗೆ ಸುಖವಾಗಬಹುದು. ಇಂಗ್ಲಿಷರ ಸಾಲದ ಲೆಕ್ಕ ನಾವು ಬರೆಯುವುದು ಸುಲಭ. ಆದರೆ ಅದೇ ಅಳತೆಗೋಲನ್ನು ನಮ್ಮ ಅಂಗಳಕ್ಕೂ ತರಬೇಕಲ್ಲ. ನಮ್ಮಲ್ಲೂ ಮನೆಮನೆಯ ಟ್ರಂಕಿನಲ್ಲಿ ಶಜರಾಗಳಿವೆ. ಸೈಯದರೆಂದೂ ಪಠಾಣರೆಂದೂ ನವಾಬನ ಖಾನ್‌ದಾನಿನವರೆಂದೂ ಮದುವೆಯ ಮಾತುಕತೆಯಲ್ಲಿ ಆ ಕಾಗದ ಬಿಚ್ಚುತ್ತೇವೆ. ಪಾಲು ಹಂಚುವಾಗ ಹೆಣ್ಣುಮಕ್ಕಳಿಗೂ ಕೊಡಬೇಕೆಂಬ ಶರಿಯತ್ತು, ದರ್ಗಾದ ಗದ್ದಿ ಕಟ್ಟುವಾಗ ಎಲ್ಲಿ ಹೋಗುತ್ತದೋ! ಅಲ್ಲಿ ಬಹುಪಾಲು ಕೆಂಟ್ ಪ್ರಾಂತದ ಕಾನೂನೇ ನಡೆಯುತ್ತದೆ: ಹಿರಿಯ ಮಗ, ಅವನ ಹಿರಿಯ ಮಗ.

ಇದಕ್ಕಿಂತ ಕಠಿಣವಾದದ್ದು ಟಿಪ್ಪುವಿನ ವಿಷಯ. ಟಿಪ್ಪುವಿನ ರಕ್ತ ನಮ್ಮಲ್ಲಿ ಬಹುತೇಕ ಯಾರಲ್ಲೂ ಇಲ್ಲ. ಆದರೂ ಹುಲಿಯ ಚಿತ್ರವನ್ನು ನಾವು ಆಟೋದ ಬೆನ್ನಿಗೆ ಅಂಟಿಸುತ್ತೇವೆ, ಸಂಘದ ಬ್ಯಾನರಿಗೆ ಬರೆಸುತ್ತೇವೆ. ಅಂದರೆ ಅವನ ಕೀರ್ತಿಯ ಆಸ್ತಿಯಲ್ಲಿ ಪಾಲು ಕೇಳುತ್ತಿದ್ದೇವೆ. ಕೇಳಬಾರದೆಂದೇನಿಲ್ಲ. ಅವನ ರಾಕೆಟ್ಟು, ರೇಷ್ಮೆ, ಮರಾಠರ ದಾಳಿಗೆ ಸಿಕ್ಕಿದ ಶೃಂಗೇರಿ ಮಠಕ್ಕೆ 1791ರಲ್ಲಿ ಅವನು ನೀಡಿದ ನೆರವು, ಕೊನೆಗೆ ಕೋಟೆಯ ಬಾಗಿಲಲ್ಲಿ ಹೋರಾಡುತ್ತಲೇ ಬಿದ್ದ ಸಾವು, ಇವೆಲ್ಲ ನಿಜವಾದ ಆಸ್ತಿಯೇ. ಆದರೆ ಆಸ್ತಿ ಮುಟ್ಟಿದವರು ಸಾಲವನ್ನೂ ಕೇಳಿಸಿಕೊಳ್ಳಬೇಕು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಊರು ಬಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ಆ ಸಾಲದಲ್ಲಿದೆ. ಕೊಡಗಿನವರನ್ನು ಸೆರೆಹಿಡಿದು ತಂದದ್ದು ಅದರಲ್ಲಿದೆ. ಮಂಗಳೂರಿನ ಕ್ರೈಸ್ತರೊಬ್ಬರು, ಮಡಿಕೇರಿಯ ಕೊಡವರೊಬ್ಬರು ಈ ಮಾತು ತೆಗೆದಾಗ ‘ಅವೆಲ್ಲ ಇಂಗ್ಲಿಷರು ಕಟ್ಟಿದ ಕತೆ’ ಎಂದು ಎದ್ದುಹೋಗುವುದು ನಮಗೆ ಸಲ್ಲದು. ಇಂಗ್ಲಿಷರು ಕತೆ ಕಟ್ಟಿದರು, ನಿಜ. ಅವರ ಲಾಂಛನವನ್ನೇ ಈಗಷ್ಟೇ ನೋಡಿದೆವು. ಅವರು ಕಟ್ಟಿದರೆಂದ ಮಾತ್ರಕ್ಕೆ ನಡೆದದ್ದು ನಡೆಯದೆ ಹೋಗುವುದಿಲ್ಲ.

ಹಾಗೆಯೇ ಇನ್ನೊಂದು ಕಡೆಯವರಿಗೂ ಒಂದು ಮಾತು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿದಾಗಿನಿಂದ 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿದವರೆಗೆ, ಆಮೇಲೂ, ಬೀದಿಯಲ್ಲಿ ತಳ್ಳುಗಾಡಿ ತಳ್ಳುವ, ಗ್ಯಾರೇಜಿನಲ್ಲಿ ಮೈ ಕಪ್ಪು ಮಾಡಿಕೊಳ್ಳುವ ಹುಡುಗರು ಟಿಪ್ಪುವಿಗೆ ಉತ್ತರ ಕೊಡಬೇಕಾಗಿ ಬಂತು. ಆ ಹುಡುಗನಿಗೆ ಟಿಪ್ಪುವಿನಿಂದ ಬಂದ ಆಸ್ತಿ ಯಾವುದು? ಬಂಗಲೆಯೇ, ಬಿರುದೇ, ಗವರ್ನರ್ ಗಿರಿಯೇ? ಏನೂ ಮುಟ್ಟದವನ ಹತ್ತಿರ ಸಾಲ ಕೇಳುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಕೆಂಟಿನ ಲಾರ್ಡಿಗೆ ನಾವು ಕೊಟ್ಟ ಮಾಫಿಯನ್ನು ಕೆ.ಆರ್. ಮಾರ್ಕೆಟ್ಟಿನ ಹಣ್ಣು ವ್ಯಾಪಾರಿಗೂ ಕೊಡಬೇಕು, ಇನ್ನೂ ಧಾರಾಳವಾಗಿ ಕೊಡಬೇಕು.

ಟಿಪ್ಪುವಿನ ಸ್ವಂತ ಮಕ್ಕಳ ಕತೆ ಬೇರೆಯೇ ಆಯಿತು. ಅವರನ್ನು ಮೊದಲು ವೇಲೂರು ಕೋಟೆಯಲ್ಲಿಟ್ಟರು. 1806ರಲ್ಲಿ ಅಲ್ಲಿನ ಸಿಪಾಯಿಗಳು ದಂಗೆ ಎದ್ದ ಮೇಲೆ ದೂರದ ಕಲ್ಕತ್ತೆಗೆ ಸಾಗಿಸಿದರು. ಅವರಿಗೆ ರಾಜ್ಯವಿಲ್ಲ, ಬಾವುಟವಿಲ್ಲ, ಕಂಪನಿ ಕೊಡುವ ಪಿಂಚಣಿ ಇತ್ತು. ಅವರಲ್ಲಿ ಗುಲಾಂ ಮುಹಮ್ಮದ್ ಎಂಬ ಮಗ ಲಂಡನ್ನಿಗೂ ಹೋಗಿ ಬಂದ, ರಾಣಿಯಿಂದ ಸರ್ ಪದವಿ ಪಡೆದ. ತಂದೆಯನ್ನು ಕೊಂದವರಿಂದ ಬಿರುದು ಸ್ವೀಕರಿಸಿದ ಎಂದು ಬಿಸಿರಕ್ತದವರು ಹಲ್ಲು ಕಡಿಯಬಹುದು. ನಮಗೆ ಅಷ್ಟು ಸುಲಭವಾಗಿ ತೀರ್ಪು ಕೊಡಲು ಬಾಯಿ ಬರುವುದಿಲ್ಲ. ಕೋಟೆ ಬಿದ್ದಾಗ ಅವನಿನ್ನೂ ಪುಟ್ಟ ಮಗು.

ಆ ಗುಲಾಂ ಮುಹಮ್ಮದ್ 1842ರಲ್ಲಿ ಕಲ್ಕತ್ತೆಯ ಧರ್ಮತಲಾದಲ್ಲಿ ತಂದೆಯ ಹೆಸರಿನ ಮಸೀದಿ ಕಟ್ಟಿಸಿ ಅದನ್ನು ವಕ್ಫ್ ಮಾಡಿದ. ವೆಲ್ಲೆಸ್ಲಿಯ ಮಾರ್ಕ್ವೆಸ್ ಪದವಿ ಗಂಡು ವಾರಸುದಾರನಿಲ್ಲದೆ ಮಣ್ಣಾದದ್ದು ಅದೇ ವರ್ಷ. ವಕ್ಫ್ ಎಂದರೆ ಗೊತ್ತಲ್ಲ, ಆಮೇಲೆ ಅದನ್ನು ಮಗನೂ ಮಾರುವಂತಿಲ್ಲ, ಮೊಮ್ಮಗನೂ ತನ್ನದೆನ್ನುವಂತಿಲ್ಲ. ಅತ್ತ ಕೆಂಟಿನಲ್ಲೂ ಕೊನೆಗೆ ಹೆಚ್ಚುಕಡಿಮೆ ಅಂಥದ್ದೇ ನಡೆಯಿತು. ಆರನೆಯ ಲಾರ್ಡಿಗೆ ಮಕ್ಕಳಿರಲಿಲ್ಲ. ಬಿರುದು ಸನದಿನಲ್ಲಿ ಬರೆದಂತೆ ದಾಯಾದಿಯ ಕಡೆಗೆ ಹೋಯಿತು, ಬೆಲ್ಮಾಂಟಿನ ಬಂಗಲೆ ಅದರ ಹಿಂದೆ ಹೋಗಲಿಲ್ಲ. ಅದನ್ನು ಈಗ ನೋಡಿಕೊಳ್ಳುವುದು ಒಂದು ಧರ್ಮಾರ್ಥ ಟ್ರಸ್ಟು. ಟಿಕೇಟು ಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು. ಐದನೆಯ ಲಾರ್ಡು ಕೂಡಿಹಾಕಿದ ಮುನ್ನೂರಕ್ಕೂ ಹೆಚ್ಚು ಗಡಿಯಾರಗಳನ್ನು, ಮೊದಲನೆಯವನು ಬಿಟ್ಟುಹೋದ ಮನೆಯನ್ನು ನೋಡಿ ಬರಬಹುದು. ಶ್ರೀರಂಗಪಟ್ಟಣದವರೂ ಹೋಗಬಹುದು, ಆ ಟಿಕೇಟಿಗೆ ಶಜರಾ ಕೇಳುವುದಿಲ್ಲ.